ಬದುಕಿ ಉಳಿದ ಮರಿಗಳನ್ನ ನಂಬಿದ್ದೆ: ಮೀನುಮರಿ ಹ್ಯಾಚರಿಯಲ್ಲಿ ವೈರಸ್ ಜೊತೆ ನನ್ನ ಅನುಭವ

ಮೊಟ್ಟೆ ಒಡೆದು ಹದಿನೇಳನೇ ದಿನ, ರಾತ್ರಿ ಹನ್ನೊಂದೂವರೆ ಆಗಿರ್ಬೇಕು, ರಾತ್ರಿ ಪಾಳಿ ನೋಡ್ಕೊಳ್ಳೋ ಹುಡುಗ ಬಂದು ಬಾಗಿಲು ತಟ್ಟಿ "ಅಕ್ಕಾ, ಮೂರನೇ ಟ್ಯಾಂಕಲ್ಲಿ ಮರಿಗಳು ಒಂಥರಾ ಆಡ್ತಿವೆ, ಒಂದ್ಸಲ ಬಂದು ನೋಡಿ" ಅಂದ. ನಾನು ನೀರಿಗೆ ಗಾಳಿ ಹಾಯಿಸೋ ಏರೇಶನ್ ನಿಂತಿರ್ಬೇಕು ಅಂದ್ಕೊಂಡೇ ಓಡಿದ್ದು. ಏರೇಶನ್ ಸರಿಯಾಗೇ ಇತ್ತು. ಟಾರ್ಚ್ ಬಿಟ್ಟು ನೋಡಿದ್ರೆ ನೀರಿನ ಮೇಲ್ಭಾಗದಲ್ಲಿ ಒಂದಷ್ಟು ಸೀಬಾಸ್ ಅನ್ನೋ ಮೀನಿನ ಮರಿಗಳು ಒಂದೇ ಕಡೆಗೆ ಸುತ್ತ್ತಾ ಸುತ್ತ್ತಾ ತಿರುಪಿನ ಹಾಗೆ ಕೆಳಗೆ ಇಳೀತಿದ್ವು, ತಳ ಮುಟ್ಟೋ ಮುಂಚೆ ಸುಮ್ಮನಾಗಿಬಿಡ್ತಿದ್ವು, ಸತ್ತಿರ್ಬೇಕು ಅಂದ್ಕೊಂಡ್ರೆ ಮತ್ತೆ ದಿಢೀರ್ ಅಂತ ಎದ್ದು ಗುಂಡಗೆ ಓಡ್ತಿದ್ವು. ಬೆಳಕು ಬಿಟ್ರೆ ಮಾಮೂಲಿ ಮರಿಗಳು ಬೆಳಕಿನ ಕಡೆ ಬರುತ್ವೆ, ಇವಕ್ಕೆ ಬೆಳಕು ಬಿದ್ದಿದ್ದೇ ಗೊತ್ತಾದ ಹಾಗಿರ್ಲಿಲ್ಲ.

ಆವತ್ತು ನಂಗೆ ಇದು ವೈರಸ್ ಅಂತ ಹೊಳೀಲೇ ಇಲ್ಲ. ಹೊಳೀಬೇಕಿತ್ತು, ಓದಿದ್ದೆ, ಕೇಳಿದ್ದೆ. ಆದ್ರೆ ಕಣ್ಮುಂದೆ ಆಗ್ತಿರೋವಾಗ ಮನಸ್ಸು ಮೊದಲು ಹೋಗೋದು ಕೈಯಲ್ಲಿ ಸರಿ ಮಾಡೋಕೆ ಆಗೋ ಕಾರಣಗಳ ಕಡೆಗೇ. ಅಮೋನಿಯಾ ಟೆಸ್ಟ್ ಮಾಡಿದೆ, ಸರಿ ಇತ್ತು. ಉಷ್ಣತೆ 29 ಡಿಗ್ರಿ, ಲವಣಾಂಶ, ಪಿಎಚ್ ಎಲ್ಲ ಹಿಂದಿನ ದಿನದ್ದೇ. ಮರಿಗಳಿಗೆ ಮೇವಾಗಿ ಹಾಕೋ ರೋಟಿಫರ್ ಅನ್ನೋ ಸಣ್ಣ ಜೀವಿ ಕೆಟ್ಟಿರ್ಬಹುದು ಅಂತ ಆ ಬ್ಯಾಚ್ ಚೆಲ್ಲಿಸಿದೆ. ಬೆಳಗಾಗೋ ಹೊತ್ತಿಗೆ ಅರ್ಧ ನೀರು ಬದಲಾಯಿಸಿದೆ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಜಾಸ್ತಿ ಸುತ್ತ್ತಿದ್ವು, ಮೇವಿನ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಆಗ ಇನ್ನೊಂದು ತಪ್ಪು ಮಾಡಿದೆ, ಬ್ಯಾಕ್ಟೀರಿಯಾ ಇರ್ಬಹುದು ಅಂತ ಆ್ಯಂಟಿಬಯಾಟಿಕ್ ಹಾಕಿದೆ. ವೈರಸ್‌ಗೆ ಆ್ಯಂಟಿಬಯಾಟಿಕ್ ಏನೂ ಮಾಡಲ್ಲ, ಇದು ಎಲ್ಲರಿಗೂ ಗೊತ್ತಿರೋ ಮಾತೇ, ಆದ್ರೂ ಏನಾದ್ರೂ ಮಾಡ್ಬೇಕು ಅನ್ನೋ ತಳಮಳದಲ್ಲಿ ಹಾಕೋದು ಅದನ್ನೇ. ನಾಲ್ಕನೇ ದಿನಕ್ಕೆ ಟ್ಯಾಂಕ್ ಖಾಲಿ. ಅಷ್ಟರಲ್ಲಿ ಪಕ್ಕದ ನಾಲ್ಕನೇ ಟ್ಯಾಂಕಲ್ಲೂ ಶುರುವಾಗಿತ್ತು, ಯಾಕಂದ್ರೆ ಎರಡಕ್ಕೂ ತಳದ ಕೊಳೆ ಎಳೆಯೋ ಸೈಫನ್ ಪೈಪು ಒಂದೇ, ಒಂದೇ ಬಕೆಟ್ಟು, ಒಂದೇ ಕೈ.

ಒಂದು ಒಳ್ಳೇ ಕೆಲಸ ಮಾತ್ರ ಮಾಡಿದ್ದೆ. ಸುತ್ತ್ತಿದ್ದ ಮರಿಗಳನ್ನ ಜೀವಂತ ಇದ್ದಾಗಲೇ ತೆಗೆದು ಸ್ವಲ್ಪ ಫಾರ್ಮಲಿನ್‌ನಲ್ಲೂ ಸ್ವಲ್ಪ ಆಲ್ಕೋಹಾಲ್‌ನಲ್ಲೂ ಹಾಕಿಟ್ಟಿದ್ದೆ. ಹೊಸಬರಿಗೆ ಇದೊಂದು ಹೇಳ್ತೀನಿ, ಸತ್ತು ತಳದಲ್ಲಿ ಬಿದ್ದಿರೋ ಮರಿಯನ್ನ ಲ್ಯಾಬಿಗೆ ಕಳಿಸಿದ್ರೆ ನಂಬೋ ಹಾಗೆ ಏನೂ ಸಿಗಲ್ಲ, ಅಷ್ಟು ಚಿಕ್ಕ ಜೀವ ಬೆಚ್ಚಗಿನ ನೀರಲ್ಲಿ ಗಂಟೆಯೊಳಗೆ ಕೊಳೆಯೋಕೆ ಶುರುವಾಗುತ್ತೆ. ಲಕ್ಷಣ ತೋರಿಸ್ತಿರೋ ಜೀವಂತ ಮರಿ ಬೇಕು. ಫಾರ್ಮಲಿನ್‌ದು ಅಂಗಾಂಶ ನೋಡೋಕೆ, ಆಲ್ಕೋಹಾಲ್‌ದು ಪಿಸಿಆರ್‌ಗೆ. ಪಿಸಿಆರ್ ಅಂದ್ರೆ ವೈರಸ್ಸಿನ ಜೀನ್ ಇದೆಯಾ ಅಂತ ಹುಡುಕೋ ಟೆಸ್ಟ್. ಎರಡೂ ಬೇರೆ ಬೇರೆ ಡಬ್ಬಿ, ಮೇಲೆ ಟ್ಯಾಂಕ್ ನಂಬರ್, ದಿನ, ಮರಿಯ ವಯಸ್ಸು ಪೆನ್ಸಿಲ್‌ನಲ್ಲಿ, ಯಾಕಂದ್ರೆ ಪೆನ್ನಿನ ಇಂಕು ಆಲ್ಕೋಹಾಲ್ ತಾಗಿದ್ರೆ ಅಳಿಸಿಹೋಗುತ್ತೆ.

ಕಳಿಸೋ ಮುಂಚೆ ಒಂದು ಮರಿಯನ್ನ ನಾನೇ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದ್ದೆ. ಮೈ ಪಾರದರ್ಶಕ ಇರೋದ್ರಿಂದ ಒಳಗಿಂದೆಲ್ಲ ಕಾಣುತ್ತೆ. ಹೊಟ್ಟೆ ಖಾಲಿ. ಅದರ ಮೇಲೆ ಗಾಳಿಚೀಲ ಬಲೂನಿನ ಹಾಗೆ ಉಬ್ಬಿಕೊಂಡು ಕರುಳನ್ನ ಕೆಳಗೆ ಒತ್ತ್ತಾ ಇತ್ತು. ಮೇಲಕ್ಕೆ ತೇಲಿ ಬರ್ತಿದ್ದಿದ್ದು ಯಾಕೆ ಅಂತ ಆಗ ಅರ್ಥ ಆಯ್ತು. ಕಣ್ಣು ಮಾತ್ರ ಹೊರಗಿಂದ ನೋಡೋಕೆ ಚೆನ್ನಾಗೇ ಇತ್ತು, ಹೊಳೀತಾ ಇತ್ತು. ಎರಡು ವಾರ ಆದ್ಮೇಲೆ ರಿಪೋರ್ಟ್ ಜೊತೆ ಬಂದ ಚಿತ್ರದಲ್ಲಿ ಅಂಥದೇ ಕಣ್ಣಿನ ರೆಟಿನಾ ತುಂಬ ತೂತುಗಳು. ಮಿದುಳಲ್ಲೂ ಹಾಗೇ, ಗೆದ್ದಲು ತಿಂದ ಮರದ ಅಡ್ಡ ಸೀಳು ನೋಡಿದ ಹಾಗಿತ್ತು. ಅಂದ್ರೆ ಆ ಮರಿಗಳು ಟಾರ್ಚಿನ ಬೆಳಕಿಗೆ ಬರದೇ ಇದ್ದಿದ್ದು ಕುರುಡಾಗಿದ್ದಕ್ಕೆ. ಆ ಚಿತ್ರ ಈಗಲೂ ನನ್ನ ಫೋನಲ್ಲಿದೆ, ಹೊಸದಾಗಿ ಕೆಲಸಕ್ಕೆ ಬಂದೋರಿಗೆ ಮೊದಲ ದಿನವೇ ತೋರಿಸ್ತೀನಿ.

ರೋಗದ ಹೆಸರು ವೈರಲ್ ನರ್ವಸ್ ನೆಕ್ರೋಸಿಸ್, ನಾವೆಲ್ಲ ವಿಎನ್‌ಎನ್ ಅಂತೀವಿ. ನರಮಂಡಲವನ್ನೇ ಹಾಳು ಮಾಡೋ ರೋಗ. ಮಾಡೋದು ಬೀಟಾನೋಡಾವೈರಸ್ ಅನ್ನೋದು, 25ರಿಂದ 30 ನ್ಯಾನೋಮೀಟರ್ ಅಷ್ಟೇ, ವೈರಸ್‌ಗಳಲ್ಲೇ ತೀರಾ ಪುಟ್ಟವುಗಳಲ್ಲಿ ಒಂದು, ಒಳಗೆ ಇರೋದು ಎರಡು ಆರ್‌ಎನ್‌ಎ ತುಂಡು. ಒಂದು ವೈರಸ್ ತನ್ನನ್ನ ತಾನು ನಕಲು ಮಾಡ್ಕೊಳ್ಳೋಕೆ, ಇನ್ನೊಂದು ಹೊರಗಿನ ಪ್ರೋಟೀನ್ ಚಿಪ್ಪಿಗೆ. ಆ ಚಿಪ್ಪಿನ ಮೇಲೆ ಕೊಬ್ಬಿನ ಹೊದಿಕೆ ಇಲ್ಲ, ಅದಕ್ಕೇ ಇದು ಇಷ್ಟು ಗಟ್ಟಿ. ಸೋಪು, ಆಲ್ಕೋಹಾಲ್ ಸ್ಪ್ರೇ ಇವನ್ನ ನಂಬೋ ಹಾಗಿಲ್ಲ. ತಣ್ಣಗಿರೋ ಸಮುದ್ರದ ನೀರಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಫ್ರೀಝರ್‌ನಲ್ಲಿ ಇಟ್ಟ ಮೀನಲ್ಲೂ ಉಳಿಯುತ್ತೆ. ಮನುಷ್ಯರಿಗೆ ತಾಗಲ್ಲ, ಅದೊಂದು ನೆಮ್ಮದಿ. ಆದ್ರೆ ನೂರಕ್ಕೂ ಹೆಚ್ಚು ಜಾತಿ ಮೀನುಗಳಿಗೆ ತಾಗುತ್ತೆ, ಸೀಬಾಸ್, ಗ್ರೂಪರ್ ಇವೆಲ್ಲ ಬೇಗ ಬೀಳೋ ಜಾತಿಗಳು, ಎಳೇ ಮರಿಗಳಲ್ಲಿ ಸಾವು ನೂರಕ್ಕೆ ನೂರೂ ಆಗಬಹುದು.

ಈಗ ನಾನು ನಿಜವಾಗಿ ಹೇಳ್ಬೇಕು ಅಂದ್ಕೊಂಡಿರೋ ವಿಷಯಕ್ಕೆ ಬರ್ತೀನಿ.

ಒಂದನೇ ಟ್ಯಾಂಕಲ್ಲಿ ಅರ್ಧಕ್ಕರ್ಧ ಸತ್ತು ಮಿಕ್ಕಿದ್ದು ಬದುಕಿತ್ತು. ಆ ಮರಿಗಳ ಮೇಲೆ ನಂಗೆ ಎಷ್ಟು ಪ್ರೀತಿ ಅಂದ್ರೆ, ಇಷ್ಟೆಲ್ಲ ಆದ್ಮೇಲೂ ಉಳಿದಿವೆ, ಇವು ಗಟ್ಟಿ ಮರಿಗಳು, ಇವುಗಳಲ್ಲೇ ರೋಗ ತಡೆಯೋ ಶಕ್ತಿ ಇದೆ, ಇವನ್ನೇ ದೊಡ್ಡದು ಮಾಡಿ ಮುಂದೆ ತಾಯಿಮೀನು, ಅಂದ್ರೆ ಮರಿ ಮಾಡಿಸೋಕೆ ಸಾಕೋ ಗಂಡು ಹೆಣ್ಣು ಮೀನು, ಮಾಡೋಣ ಅಂತ ಲೆಕ್ಕ ಹಾಕಿದ್ದೆ. ಚೆನ್ನಾಗಿ ತಿಂತಿದ್ವು, ಬೆಳ್ಳಿ ಬಣ್ಣ ಬಂದಿತ್ತು, ಗ್ರೇಡಿಂಗ್ ಅಂದ್ರೆ ಸೈಜಿನ ಪ್ರಕಾರ ಬೇರೆ ಮಾಡೋದು, ಅದನ್ನ ಮಾಡಿದ್ರೆ ಎಲ್ಲ ಒಂದೇ ಸೈಜು. ನಲವತ್ತು ದಿನಕ್ಕೆ ನರ್ಸರಿ ಟ್ಯಾಂಕಿಗೆ ಹಾಕಿದೆ. ನೀರು ಉಳಿಸೋಕೆ ಅಂತ ನರ್ಸರಿ ನೀರನ್ನ ಬಯೋಫಿಲ್ಟರ್ ಹಾಯಿಸಿ ಅದರಲ್ಲೇ ಒಂದು ಭಾಗ ಮರಿ ಶೆಡ್ಡಿಗೂ ಕೊಡ್ತಿದ್ವಿ. ಮರಿ ಶೆಡ್ಡನ್ನ ಪೂರ್ತಿ ತೊಳೆದು, ಒಣಗಿಸಿ, ಹೊಸ ಮೊಟ್ಟೆ ತಂದು ಹಾಕಿದ್ವಿ. ಹದಿನೈದನೇ ದಿನಕ್ಕೆ ಮತ್ತೆ ಅದೇ ಸುತ್ತಾಟ.

ಲ್ಯಾಬ್‌ನಲ್ಲಿ ಇರೋ ಒಬ್ಬರು ಹಿರಿಯರು ಫೋನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಹಳೇ ಬ್ಯಾಚಲ್ಲಿ ಉಳಿದಿದ್ದನ್ನ ಏನು ಮಾಡಿದ್ರಿ?" ನಾನು ಹೆಮ್ಮೆಯಿಂದಲೇ ಹೇಳಿದೆ, ಸಾಕ್ತಾ ಇದ್ದೀವಿ ಸರ್, ಚೆನ್ನಾಗಿವೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ ಅವರು. ಆಮೇಲೆ, "ಅದರಲ್ಲಿ ಒಂದಿಪ್ಪತ್ತು ಮರಿ ತಲೆ ಕಳಿಸಮ್ಮ" ಅಂದ್ರು. ಕಳಿಸಿದೆ. ಬಹುತೇಕ ಎಲ್ಲದರ ಮಿದುಳಲ್ಲೂ ವೈರಸ್ ಇತ್ತು. ಒಂದರಲ್ಲೂ ಲಕ್ಷಣ ಇಲ್ಲ, ಒಂದೂ ಸುತ್ತ್ತಿರ್ಲಿಲ್ಲ, ಎಲ್ಲ ಮೇವು ಬಿದ್ದ ತಕ್ಷಣ ನೀರು ಚಿಮ್ಮಿಸ್ಕೊಂಡು ಬರ್ತಿದ್ವು.

ಬದುಕಿ ಉಳಿದ ಮೀನು ವೈರಸ್ಸನ್ನ ಗೆದ್ದಿರಲ್ಲ, ಅದರ ಜೊತೆ ಹೊಂದ್ಕೊಂಡಿರುತ್ತೆ ಅಷ್ಟೇ. ವೈರಸ್ ಮಿದುಳಲ್ಲಿ, ಕಣ್ಣಲ್ಲಿ ಕಡಿಮೆ ಪ್ರಮಾಣದಲ್ಲಿ ಕೂತ್ಕೊಂಡಿರುತ್ತೆ, ಮೀನಿಗೆ ಬಿಸಿಲು, ಇಕ್ಕಟ್ಟು, ಸಾಗಾಟ, ಮೊಟ್ಟೆ ಇಡೋ ಒತ್ತಡ ಏನಾದ್ರೂ ಬಂದಾಗ ಹೆಚ್ಚಾಗಿ ನೀರಿಗೆ ಬರುತ್ತೆ. ನಾನು ಶೆಡ್ ತೊಳೆದಿದ್ದೆ, ಆದ್ರೆ ವೈರಸ್ಸನ್ನ ಪಕ್ಕದ ಟ್ಯಾಂಕಲ್ಲಿ ಕೈಯಾರೆ ಮೇವು ಹಾಕಿ ಬೆಳೆಸ್ತಾ ಇದ್ದೆ. ಆ ನರ್ಸರಿ ಟ್ಯಾಂಕನ್ನ ಪೂರ್ತಿ ಖಾಲಿ ಮಾಡೋ ತೀರ್ಮಾನ ತಗೊಳ್ಳೋಕೆ ನಂಗೆ ಆರು ದಿನ ಬೇಕಾಯ್ತು. ಹುಡುಗರು ಬೇಡ ಅಕ್ಕ, ಕೇಜಿಗಾದ್ರೂ (ಹೊರಗಿನ ನೀರಲ್ಲಿ ಬಲೆ ಕಟ್ಟಿ ಮೀನು ಸಾಕೋ ಗೂಡು) ಬಿಡೋಣ ಅಂದ್ರು. ಕೇಜಿಗೆ ಬಿಟ್ರೆ ಸುತ್ತಲಿನ ನೀರಿಗೆ, ಅಲ್ಲಿ ತಾನಾಗಿ ಬೆಳೆಯೋ ಮೀನಿಗೆ, ಪಕ್ಕದವರ ಕೇಜಿಗೆ ಕೊಟ್ಟ ಹಾಗೆ. ಬಿಡ್ಲಿಲ್ಲ. ನೋವಾಗದ ಹಾಗೆ ಅರಿವಳಿಕೆ ಜಾಸ್ತಿ ಹಾಕಿ ಮುಗಿಸಿದ್ವಿ, ಸುಣ್ಣ ಹಾಕಿ ಆಳವಾಗಿ ಹೂತ್ವಿ. ಅಷ್ಟು ಚೆನ್ನಾಗಿ ಕಾಣ್ತಿದ್ದ ಮೀನನ್ನ ಕೊಲ್ಲೋದು ಸತ್ತಿರೋ ಮೀನನ್ನ ಎತ್ತೋದಕ್ಕಿಂತ ತುಂಬಾ ಕಷ್ಟ.

ಆದ್ರೆ ಮೊದಲನೇ ಸಲ ವೈರಸ್ ಬಂದಿದ್ದೆಲ್ಲಿಂದ? ಆಗಿನ್ನೂ ಹಳೇ ಬ್ಯಾಚೇ ಇರ್ಲಿಲ್ಲವಲ್ಲ. ಉಳಿದಿದ್ದು ತಾಯಿಮೀನು. ತಾಯಿಮೀನಿನ ಮಿದುಳು ತೆಗೆದು ನೋಡೋಕೆ ಆಗಲ್ಲ, ವರ್ಷಗಟ್ಟಲೆ ಸಾಕಿರೋದು. ಅದಕ್ಕೆ ಕ್ಯಾನುಲಾ ಅನ್ನೋ ಸಣ್ಣ ಕೊಳವೆ ಹಾಕಿ ಮೊಟ್ಟೆ ಸ್ವಲ್ಪ ಎಳೆದು, ಗಂಡಿನ ವೀರ್ಯ ತಗೊಂಡು ಆರ್‌ಟಿ-ಪಿಸಿಆರ್ ಮಾಡಿಸಿದ್ವಿ, ಜೊತೆಗೆ ಬಾಲದ ಬುಡದಲ್ಲಿ ರಕ್ತ ತೆಗೆದು ಆ್ಯಂಟಿಬಾಡಿ ನೋಡೋಕೆ ಎಲೈಸಾ. ಒಟ್ಟು ಹದಿನಾಲ್ಕು ಮೀನು. ಮೊದಲ ಸಲದ ಪಿಸಿಆರ್‌ನಲ್ಲಿ ಎಲ್ಲ ನೆಗೆಟಿವ್. ನಂಗೆ ಖುಷಿಯಾಗಿ ಫೋನ್ ಮಾಡಿದ್ರೆ ಅವರೇ ಹಿರಿಯರು "ಒಂದು ಸಲದ ನೆಗೆಟಿವ್ ನಂಬಬೇಡಿ" ಅಂದ್ರು. ಮೀನು ವೈರಸ್ಸನ್ನ ಯಾವಾಗಲೂ ಬಿಡ್ತಾ ಇರಲ್ಲ, ಆಗಾಗ ಬಿಡುತ್ತೆ. ಒಂದೇ ಸೀಸನ್‌ನಲ್ಲಿ ಮತ್ತೆ ಮತ್ತೆ ಮೊಟ್ಟೆ ಇಡಿಸಿದ್ರೆ ಕೊನೆಕೊನೆಯ ಮೊಟ್ಟೆಗಳಲ್ಲಿ ವೈರಸ್ ಸಿಗೋದು ಜಾಸ್ತಿ, ಇದು ಸ್ಟ್ರೈಪ್ಡ್ ಜ್ಯಾಕ್ ಅನ್ನೋ ಮೀನಿನ ಹ್ಯಾಚರಿಗಳಲ್ಲಿ ಜಪಾನಿನಲ್ಲಿ ಮೊದಲೇ ಕಂಡುಕೊಂಡಿದ್ದ ವಿಷಯ. ನಾವು ಮೂರು ಸಲ ಇಡಿಸಿ ಆಮೇಲೆ ಮತ್ತೆ ಟೆಸ್ಟ್ ಮಾಡಿದ್ವಿ. ಎರಡು ಹೆಣ್ಣು ಪಾಸಿಟಿವ್, ಅದರಲ್ಲಿ ಒಂದು ನಮ್ಮ ಅತಿ ದೊಡ್ಡ, ಅತಿ ಹೆಚ್ಚು ಮೊಟ್ಟೆ ಕೊಡ್ತಿದ್ದ ಮೀನು. ಅವೆರಡನ್ನೂ ತೆಗೆದ್ವಿ. ಅವತ್ತಿಂದ ಒಂದು ಹೆಣ್ಣಿಂದ ಒಂದು ಸೀಸನ್‌ನಲ್ಲಿ ಜಾಸ್ತಿ ಸಲ ಮೊಟ್ಟೆ ಇಡಿಸಲ್ಲ, ಎರಡು ಗುಂಪು ಮಾಡಿ ಸರದಿ ಮೇಲೆ.

ತಾಯಿಮೀನಿಗೆ ಹೇಗೆ ಬಂತು ಅನ್ನೋದಕ್ಕೆ ನನ್ನ ಅನುಮಾನ ಮೇವಿನ ಮೇಲೆ. ಫ್ರೀಝ್ ಮಾಡಿದ ಸಣ್ಣ ಮೀನನ್ನ ಕತ್ತರಿಸಿ ಹಾಕ್ತಿದ್ವಿ. ಫ್ರೀಝ್ ಮಾಡಿದ್ರೆ ಕೆಲವು ಪರಾವಲಂಬಿ ಹುಳ ಸಾಯುತ್ತೆ, ಈ ವೈರಸ್ ಸಾಯಲ್ಲ. ಸಮುದ್ರದಲ್ಲಿ ತಾನಾಗಿ ಬೆಳೆಯೋ ಮೀನುಗಳಲ್ಲಿ ಲಕ್ಷಣ ಇಲ್ಲದೇ ಈ ವೈರಸ್ ಇರೋದು ಎಷ್ಟೋ ಕಡೆ ಸಿಕ್ಕಿದೆ. ಈಗ ತಾಯಿಮೀನಿಗೂ ಪೆಲೆಟ್ ಅನ್ನೋ ಗುಳಿಗೆ ಮೇವಿನ ಅಭ್ಯಾಸ ಮಾಡಿಸಿದ್ದೀವಿ, ಮೊದಲ ಎರಡು ತಿಂಗಳು ಮೂಸಿ ನೋಡಿ ಬಿಟ್ಟುಬಿಡ್ತಿದ್ವು, ಹಸಿವಾದ್ಮೇಲೆ ತಿಂದ್ವು.

ಮೊಟ್ಟೆ ತೊಳೆಯೋದು ಶುರು ಮಾಡಿದ್ದೂ ಆಗಲೇ. ಮೊಟ್ಟೆಯನ್ನ ಓಝೋನ್ ಹಾಯಿಸಿದ ಸಮುದ್ರ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಶುದ್ಧ ನೀರಲ್ಲಿ ಜಾಲಿಸಿ ಆಮೇಲೆ ಹ್ಯಾಚಿಂಗ್ ಟ್ಯಾಂಕಿಗೆ. ಇದು ಕೇಳೋಕೆ ಸುಲಭ, ಮಾಡೋಕೆ ಅಲ್ಲ. ಓಝೋನ್ ಕಡಿಮೆ ಆದ್ರೆ ಉಪಯೋಗ ಇಲ್ಲ, ಜಾಸ್ತಿ ಆದ್ರೆ ಮೊಟ್ಟೆ ಒಡೆಯೋದೇ ಇಲ್ಲ. ಮೊದಲ ಬ್ಯಾಚಲ್ಲಿ ಜಾಸ್ತಿ ಆಗಿ, ಮರುದಿನ ನೋಡಿದ್ರೆ ಮೊಟ್ಟೆಯೊಳಗೆ ಮರಿ ಪೂರ್ತಿ ಬೆಳೆದು ಬಾಲ ಅಲ್ಲಾಡಿಸ್ತಾ ಇದೆ, ಹೊರಗೆ ಬರೋಕೆ ಆಗ್ತಿಲ್ಲ, ಸಿಪ್ಪೆ ಗಟ್ಟಿಯಾಗಿಬಿಟ್ಟಿತ್ತು. ಆದ್ರಿಂದ ಪ್ರತಿ ಸಲ ಓಝೋನ್ ಅಳತೆ ಮಾಡದೇ ಮೊಟ್ಟೆ ಹಾಕಬೇಡಿ, ಗಡಿಯಾರ ಕೈಯಲ್ಲೇ ಇರ್ಲಿ, ಜಾತಿಯಿಂದ ಜಾತಿಗೆ ತಡೆಯೋ ಶಕ್ತಿ ಬೇರೆ, ಮೊದಲು ಒಂದು ಬೊಗಸೆ ಮೊಟ್ಟೆ ಮೇಲೆ ಮಾಡಿ ನೋಡಿ. ಇನ್ನೊಂದು, ಈ ತೊಳೆಯೋದು ಸಿಪ್ಪೆಯ ಹೊರಗಿನ ವೈರಸ್‌ಗೆ ಮಾತ್ರ, ಮೊಟ್ಟೆಯೊಳಗೆ ಇದ್ರೆ ಓಝೋನ್ ಅಲ್ಲಿಗೆ ಮುಟ್ಟಲ್ಲ. ತಾಯಿಮೀನು ಟೆಸ್ಟ್ ಮಾಡದೇ ಬರೀ ಮೊಟ್ಟೆ ತೊಳೆದು ಕೂತ್ರೆ ಆಗಲ್ಲ.

ನೀರಿನ ವಿಷಯ ಬೇಗ ಹೇಳಿಬಿಡ್ತೀನಿ. ಮರಳು ಫಿಲ್ಟರ್, ಆಮೇಲೆ ಕಾರ್ಟ್ರಿಜ್ ಫಿಲ್ಟರ್, ಆಮೇಲೆ ಯುವಿ ಅಂದ್ರೆ ಅತಿನೇರಳೆ ಬೆಳಕು, ಇದೇ ಕ್ರಮ, ಯಾಕಂದ್ರೆ ನೀರು ಕದಡಿದ್ರೆ ಕಣಗಳ ನೆರಳಲ್ಲಿ ವೈರಸ್ ಬಚಾವಾಗುತ್ತೆ. ಯುವಿ ದೀಪ ಉರೀತಿದೆ ಅಂದ ಮಾತ್ರಕ್ಕೆ ಕೆಲಸ ಮಾಡ್ತಿದೆ ಅಂತಲ್ಲ, ವಯಸ್ಸಾದ ದೀಪ ನೀಲಿಯಾಗಿ ಚೆನ್ನಾಗೇ ಕಾಣುತ್ತೆ, ಡೋಸ್ ಇರಲ್ಲ, ಬಳಸಿದ ಗಂಟೆ ಲೆಕ್ಕ ಬರೆದಿಡಿ. ಪರಿಕರಗಳಿಗೆ 50 ಪಿಪಿಎಂ ಕ್ಲೋರಿನ್ ಹತ್ತು ನಿಮಿಷಕ್ಕೆ ಈ ವೈರಸ್ಸನ್ನ ನಿಷ್ಕ್ರಿಯ ಮಾಡುತ್ತೆ, 60 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇಟ್ರೂ ಆಗುತ್ತೆ. ಆದ್ರೆ ಲೋಳೆ, ಪಾಚಿ, ಮೇವಿನ ಜಿಡ್ಡು ಇರೋ ಬಲೆಯನ್ನ ಹಾಗೇ ಅದ್ದಿದ್ರೆ ಕ್ಲೋರಿನ್ ಆ ಕೊಳೆಗೇ ಖರ್ಚಾಗಿಹೋಗುತ್ತೆ. ಮೊದಲು ಉಜ್ಜಿ ತೊಳೀಬೇಕು, ಆಮೇಲೆ ಅದ್ದಬೇಕು, ನಾವು ಇನ್ನೂ ಜಾಸ್ತಿ ಹೊತ್ತೇ ಬಿಡ್ತೀವಿ, ಆಮೇಲೆ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆದು, ಬಿಸಿಲಲ್ಲಿ ಕಡಕ್ ಆಗೋ ಹಾಗೆ ಒಣಗಿಸ್ತೀವಿ. ಪ್ರತಿ ಟ್ಯಾಂಕಿಗೆ ಬೇರೆ ಬಣ್ಣದ ಬಕೆಟ್, ಅದೇ ಬಣ್ಣದ ಟೇಪ್ ಸುತ್ತಿದ ಸೈಫನ್. ಚಿಕ್ಕ ಮರಿಯಿಂದ ದೊಡ್ಡ ಮರಿ ಕಡೆಗೆ ಮಾತ್ರ ನಡೆಯೋದು, ದೊಡ್ಡದನ್ನ ಮುಟ್ಟಿದವರು ಆವತ್ತು ಮತ್ತೆ ಮರಿ ಶೆಡ್ಡಿಗೆ ಹೋಗೋ ಹಾಗಿಲ್ಲ. ನಾನೂ ಹೋಗಲ್ಲ.

ಯಾಕೆ ಮರಿಗಳೇ ಸಾಯೋದು, ಅದೇ ವೈರಸ್ ತಾಯಿಮೀನಿಗೆ ಯಾಕೆ ಏನೂ ಮಾಡಲ್ಲ ಅನ್ನೋದು ನನ್ನ ತಲೆ ತಿಂದ ಪ್ರಶ್ನೆ. ಮೊಟ್ಟೆಯಿಂದ ಬಂದ ಮೊದಲ ವಾರಗಳಲ್ಲಿ ಸಮುದ್ರ ಮೀನಿನ ಮರಿಗೆ ಆ್ಯಂಟಿಬಾಡಿ ಮಾಡೋ ವ್ಯವಸ್ಥೆಯೇ ಇನ್ನೂ ತಯಾರಾಗಿರಲ್ಲ. ಇಂಟರ್‌ಫೆರಾನ್ ಥರದ ಹುಟ್ಟಿನಿಂದ ಬಂದ ರಕ್ಷಣೆ ಮಾತ್ರ. ಅದೇ ಹೊತ್ತಲ್ಲಿ ಮಿದುಳು, ಕಣ್ಣು ದಿನದಿಂದ ದಿನಕ್ಕೆ ಬೆಳೀತಾ ಹೊಸ ಕೋಶಗಳು ಹುಟ್ತಾ ಇರುತ್ವೆ, ಈ ವೈರಸ್‌ಗೆ ಬೇಕಾಗಿರೋದೂ ಅದೇ ಕೋಶಗಳು. ಆಮೇಲೆ ನೀರಿನ ಬಿಸಿ. ಬೀಟಾನೋಡಾವೈರಸ್‌ನಲ್ಲಿ ಮುಖ್ಯವಾಗಿ ನಾಲ್ಕು ಗುಂಪು, ಒಂದೊಂದಕ್ಕೆ ಒಂದೊಂದು ಉಷ್ಣತೆ ಒಗ್ಗೋದು. ನಮ್ಮಲ್ಲಿ ಸಿಕ್ಕಿದ್ದು ರೆಡ್ ಸ್ಪಾಟೆಡ್ ಗ್ರೂಪರ್ ಹೆಸರಿನ ಗುಂಪು, 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯೋದು, ಅಂದ್ರೆ ಸೀಬಾಸ್ ಮರಿಗೆ ನಾವು ಪ್ರೀತಿಯಿಂದ ಕೊಡೋ ಅದೇ ಉಷ್ಣತೆ. ಬಾರ್‌ಫಿನ್ ಫ್ಲೌಂಡರ್ ಹೆಸರಿನ ಗುಂಪು ತಣ್ಣೀರಿನ ಮೀನುಗಳದ್ದು, 15ರಿಂದ 20 ಡಿಗ್ರಿ ಸಾಕು ಅದಕ್ಕೆ. ನೀರು ತಣ್ಣಗೆ ಮಾಡಿದ್ರೆ ವೈರಸ್ ನಿಧಾನ ಆಗುತ್ತೆ, ಆದ್ರೆ ಮರಿಯೂ ನಿಧಾನ ಆಗುತ್ತೆ, ತಿನ್ನಲ್ಲ, ಆ ದಾರಿ ನಂಗೆ ಕೂಡಿಬರ್ಲಿಲ್ಲ. ಕೂಡಿಬಂದಿದ್ದು ಇಕ್ಕಟ್ಟು ಕಡಿಮೆ ಮಾಡಿದ್ದು. ಒಂದು ಲೀಟರ್ ನೀರಿಗೆ ಹಾಕ್ತಿದ್ದ ಮರಿಗಳ ಸಂಖ್ಯೆಯನ್ನ ಸುಮಾರು ಅರ್ಧಕ್ಕೆ ಇಳಿಸಿದೆ, ಹನ್ನೆರಡನೇ ದಿನದಿಂದ ಇಪ್ಪತ್ತೈದನೇ ದಿನದವರೆಗೆ ಗ್ರೇಡಿಂಗ್ ಆದಷ್ಟು ಮುಟ್ಟಲ್ಲ. ಸೀಬಾಸ್ ಮರಿ ಒಂದನ್ನೊಂದು ತಿನ್ನುತ್ತೆ, ಗ್ರೇಡಿಂಗ್ ಪೂರ್ತಿ ಬಿಡೋ ಹಾಗಿಲ್ಲ, ಇದೊಂದು ತಕ್ಕಡಿ, ಆ ದಿನಗಳಲ್ಲಿ ಮರಿಗಳು ಒಂದನ್ನೊಂದು ತಿಂದು ಸಾಯೋದನ್ನ ನಾನು ಸ್ವಲ್ಪ ಒಪ್ಪಿಕೊಳ್ತೀನಿ. ರೋಗದ ಮೀನನ್ನ ತಿಂದ ಮರಿಗೂ ವೈರಸ್ ಹೋಗುತ್ತೆ ಅನ್ನೋದೂ ಗೊತ್ತು, ಅದಕ್ಕೆ ಸತ್ತಿದ್ದು, ಸುತ್ತೋದು ಕಂಡ ಕೂಡ್ಲೇ ತೆಗೆಯೋಕೆ ಹಗಲು ರಾತ್ರಿ ಒಬ್ಬರು ಇರ್ತಾರೆ.

ಜಾತಿಯ ಒಳಗೇ ಕೆಲವು ಮೀನಿನ ವಂಶಕ್ಕೆ ತಡೆಯೋ ಶಕ್ತಿ ಜಾಸ್ತಿ ಇರೋದು ನಿಜ. ನನ್ನ ಮೊದಲಿನ ಆಸೆ ಪೂರ್ತಿ ಸುಳ್ಳಲ್ಲ, ದಾರಿ ತಪ್ಪಾಗಿತ್ತು. ಅಟ್ಲಾಂಟಿಕ್ ಸಾಲ್ಮನ್‌ಗೆ ಬರೋ ಐಪಿಎನ್ ಅನ್ನೋ ವೈರಸ್ ರೋಗದಲ್ಲಿ, ಯಾವ ಮೀನು ಸಾಯುತ್ತೆ ಯಾವುದು ಉಳಿಯುತ್ತೆ ಅನ್ನೋದರ ಬಹುಪಾಲು 26ನೇ ಕ್ರೋಮೋಸೋಮ್‌ನ ಒಂದೇ ಜಾಗಕ್ಕೆ ಸೇರಿದೆ ಅಂತ ಕಂಡುಕೊಂಡು, ಆ ಗುರುತು ಇರೋ ಮೀನುಗಳಿಂದಲೇ ಮೊಟ್ಟೆ ತಗೊಂಡು ಆ ರೋಗದ ಹಾವಳಿಯನ್ನ ತುಂಬಾ ಕಡಿಮೆ ಮಾಡಿದ್ರು. ಸೀಬಾಸ್ ವಿಎನ್‌ಎನ್‌ನಲ್ಲಿ ಅಷ್ಟು ಸರಳವಾಗಿಲ್ಲ, ಆದ್ರೂ ತಡೆಯೋ ಗುಣ ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರುತ್ತೆ. ಇಲ್ಲಿ ಸೂಕ್ಷ್ಮ ಏನಂದ್ರೆ, ಹಾಗೆ ಆಯ್ಕೆ ಮಾಡೋರು ರೋಗ ಬಂದು ಉಳಿದ ಮೀನನ್ನೇ ತಾಯಿಮೀನು ಮಾಡಲ್ಲ. ಒಂದೇ ತಂದೆತಾಯಿಯ ಮರಿಗಳನ್ನ ಎರಡು ಪಾಲು ಮಾಡಿ, ಒಂದು ಪಾಲನ್ನ ಬೇರೆ ಕಟ್ಟಡದಲ್ಲಿ ವೈರಸ್‌ಗೆ ಒಡ್ಡಿ ನೋಡ್ತಾರೆ, ಯಾವ ಕುಟುಂಬ ಚೆನ್ನಾಗಿ ಉಳೀತೋ ಆ ಕುಟುಂಬದ ವೈರಸ್ ಕಾಣದ ಅಣ್ಣತಮ್ಮಂದಿರನ್ನ ಸಾಕ್ತಾರೆ. ನನ್ನಂಥ ಸಣ್ಣ ಹ್ಯಾಚರಿಯಿಂದ ಆಗೋ ಕೆಲಸ ಅಲ್ಲ ಅದು. ನಾನು ಮಾಡಿದ್ದು ಇಷ್ಟೇ, ಯಾವ ಹೆಣ್ಣಿನ ಮೊಟ್ಟೆ ಯಾವ ಟ್ಯಾಂಕಿಗೆ ಹೋಯ್ತು ಅಂತ ಬರೆಯೋಕೆ ಶುರು ಮಾಡಿದೆ. ಮೊದಲು ಎಲ್ಲ ಮೊಟ್ಟೆ ಒಟ್ಟಿಗೆ ಸುರೀತಿದ್ವಿ.

ಕೇಜಿನ ಅನುಭವ ಬೇರೆ. ಅಲ್ಲಿ ನಂಗೆ ಹೊಡೆತ ಕೊಟ್ಟಿದ್ದು ಇರಿಡೋವೈರಸ್. ಜಪಾನಿನಲ್ಲಿ 1990ರಲ್ಲಿ ರೆಡ್ ಸೀ ಬ್ರೀಮ್ ಮೀನಲ್ಲಿ ಮೊದಲು ಕಂಡಿದ್ದಕ್ಕೆ ಆ ಮೀನಿನ ಹೆಸರೇ ರೋಗಕ್ಕೂ ಬಂದಿದೆ, ಆದ್ರೆ ಅದಾದ್ಮೇಲೆ ಸೀಬಾಸ್, ಗ್ರೂಪರ್ ಸೇರಿ ಎಷ್ಟೋ ಜಾತಿಗಳಲ್ಲಿ ಸಿಕ್ಕಿದೆ. ಇಲ್ಲಿ ಸುತ್ತಾಟ ಇಲ್ಲ, ಗಲಾಟೆ ಇಲ್ಲ, ಅದೇ ಭಯ. ನೀರು ಬೆಚ್ಚಗಾದ ವಾರಗಳಲ್ಲಿ ಮೀನು ಸುಮ್ಮನೆ ಬಲೆಯ ಅಂಚಿಗೆ ಬಂದು ನಿಲ್ಲೋದು, ಮೇವಿಗೆ ನಿಧಾನಕ್ಕೆ ಬರೋದು. ಒಂದನ್ನ ಎತ್ತಿ ಕಿವಿರಿನ ಮುಚ್ಚಳ ಸರಿಸಿ ನೋಡಿದೆ, ಕೆಂಪಗಿರ್ಬೇಕಾದ ಕಿವಿರು ಮಾಸಿದ ಗುಲಾಬಿ, ಅಂಚಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ. ಹೊಟ್ಟೆ ಕೊಯ್ದ್ರೆ ಗುಲ್ಮ ಊದಿಕೊಂಡು ಮಾಮೂಲಿಗಿಂತ ದೊಡ್ಡದು. ಆ ಗುಲ್ಮವನ್ನ ಗಾಜಿನ ಮೇಲೆ ಒತ್ತಿ, ಜೀಮ್ಸಾ ಬಣ್ಣ ಹಾಕಿ ನೋಡಿದ್ರೆ ಸುತ್ತಲಿನವಕ್ಕಿಂತ ಎಷ್ಟೋ ದೊಡ್ಡ, ಗಾಢವಾಗಿ ಬಣ್ಣ ಹಿಡಿದ ಗುಂಡು ಕೋಶಗಳು ಕಾಣುತ್ವೆ. ಅದು ಬಲವಾದ ಅನುಮಾನ ಅಷ್ಟೇ, ಖಚಿತ ಮಾಡೋದು ಪಿಸಿಆರ್. ಈ ರೋಗ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿದೆ, ಅಂದ್ರೆ ಅನುಮಾನ ಬಂದ ಕೂಡ್ಲೇ ಸಂಬಂಧಪಟ್ಟ ಅಧಿಕಾರಿಗೆ ಹೇಳ್ಬೇಕು, ಮುಚ್ಚಿಡಬಾರದು. ಮುಚ್ಚಿಟ್ಟು ಮೀನು ಸಾಗಿಸಿದವರಿಂದ ನಮಗೆ ಬಂದಿದ್ದು ಅನ್ನೋದು ನನ್ನ ನಂಬಿಕೆ, ಆ ನೋವು ಇನ್ನೂ ಹೋಗಿಲ್ಲ.

ಆಗ ಮಾಡಿದ್ದು ಮೊದಲು ಮೇವು ನಿಲ್ಲಿಸಿದ್ದು. ಕೇಳೋರಿಗೆ ವಿಚಿತ್ರ ಅನ್ಸುತ್ತೆ, ಕಾಯಿಲೆ ಬಿದ್ದ ಮೀನನ್ನ ಉಪವಾಸ ಕೆಡವೋದಾ ಅಂತ. ಆದ್ರೆ ಕಿವಿರಲ್ಲಿ, ರಕ್ತದಲ್ಲಿ ಉಸಿರು ಸಾಗಿಸೋ ಶಕ್ತಿಯೇ ಕಡಿಮೆ ಆಗಿರೋವಾಗ ತಿಂದಿದ್ದನ್ನ ಅರಗಿಸೋಕೆ ಇನ್ನಷ್ಟು ಆಮ್ಲಜನಕ ಬೇಕು, ಅಷ್ಟು ಅದರ ಹತ್ರ ಇರಲ್ಲ. ನಮ್ಮಲ್ಲಿ ಮೇವು ನಿಲ್ಲಿಸಿದ ಕೇಜಿಗೂ, ಇನ್ನೂ ಪಾಪ ಅಂತ ಹಾಕ್ತಿದ್ದ ಕೇಜಿಗೂ ವಾರದಲ್ಲೇ ವ್ಯತ್ಯಾಸ ಗೊತ್ತಾಯ್ತು. ಬಲೆ ಬದಲಾಯಿಸೋದು, ಗ್ರೇಡಿಂಗ್, ಕೇಜ್ ಎಳೆಯೋದು ಎಲ್ಲ ನಿಲ್ಲಿಸಿದ್ವಿ. ಸತ್ತ ಮೀನನ್ನ ದಿನಕ್ಕೆರಡು ಸಲ ಎತ್ತಿ ದಡಕ್ಕೆ ತಂದು ಹೂತ್ವಿ, ನೀರಿಗೆ ಒಂದೂ ಎಸೀಲಿಲ್ಲ. ನೀರು ತಣ್ಣಗಾಗ್ತಾ ಸಾವು ತಾನೇ ಇಳೀತು. ಇಲ್ಲೂ ಉಳಿದ ಮೀನನ್ನ ನಾನು ಬೇರೆ ಕಡೆ ಸಾಗಿಸ್ಲಿಲ್ಲ, ಅಲ್ಲೇ ಬೆಳೆಸಿ ಅಲ್ಲೇ ಪೂರ್ತಿ ಹಿಡಿದು, ಕೇಜ್ ಖಾಲಿ ಬಿಟ್ಟು, ಬಲೆ ಒಣಗಿಸಿ ಆಮೇಲೆ ಹೊಸ ಮರಿ.

ಲಸಿಕೆ ಬಗ್ಗೆ ತುಂಬಾ ಜನ ಕೇಳ್ತಾರೆ. ಇರಿಡೋವೈರಸ್‌ಗೂ ಇದೆ, ವಿಎನ್‌ಎನ್‌ಗೂ ಯುರೋಪಿಯನ್ ಸೀಬಾಸ್‌ಗೆ ಅಂತ ಚುಚ್ಚೋ ಲಸಿಕೆ ಬಂದಿದೆ. ಎಲ್ಲ ಕಡೆ, ಎಲ್ಲ ಜಾತಿಗೆ ಅನುಮತಿ ಇರಲ್ಲ, ವಿಚಾರಿಸಿ. ಕೇಜಿಗೆ ಬಿಡೋ ಮೀನಿಗೆ ಇದು ಬಹಳ ಒಳ್ಳೇದು. ಆದ್ರೆ ಕೈಯಲ್ಲಿ ಹಿಡಿದು ಹೊಟ್ಟೆಗೆ ಚುಚ್ಚೋವಷ್ಟು ಮೀನು ದೊಡ್ಡದಾಗಬೇಕು, ನನ್ನ ಹದಿನೇಳು ದಿನದ ಮರಿಗೆ ಸೂಜಿಯೇ ಅದಕ್ಕಿಂತ ದಪ್ಪ. ಹಾಗಾಗಿ ಹ್ಯಾಚರಿಯೊಳಗೆ ಲಸಿಕೆ ನಂಬ್ಕೊಂಡು ಕೂರೋ ಹಾಗಿಲ್ಲ. ತಾಯಿಮೀನಿಗೆ ಹಾಕಿಸೋಣ ಅಂತಿದ್ರೆ ಒಂದು ಯೋಚನೆ ಮಾಡಿ, ಲಸಿಕೆ ಹಾಕಿದ ಮೇಲೆ ಎಲೈಸಾದಲ್ಲಿ ಆ್ಯಂಟಿಬಾಡಿ ಸಿಕ್ಕಿದ್ರೆ ಅದು ಲಸಿಕೆದೋ ಸೋಂಕಿಂದೋ ಹೇಳೋಕೆ ಆಗಲ್ಲ. ನಾನು ಮೊದಲು ಎರಡು ಸೀಸನ್ ಟೆಸ್ಟ್ ಮಾಡಿ ಲೆಕ್ಕ ಇಟ್ಕೊಂಡು ಆಮೇಲೆ ಆ ಬಗ್ಗೆ ಮಾತಾಡೋಣ ಅಂತ ಮುಂದಕ್ಕೆ ಹಾಕಿದ್ದೀನಿ.

ಇದನ್ನ ಬರೆಯೋ ಹೊತ್ತಿಗೆ ಈಗಿರೋ ಬ್ಯಾಚಿಗೆ ಇಪ್ಪತ್ತೆರಡು ದಿನ. ಎಲ್ಲ ಟ್ಯಾಂಕಲ್ಲೂ ಮರಿಗಳು ಆರ್ಟೀಮಿಯಾ ಅನ್ನೋ ಪುಟ್ಟ ಸಿಗಡಿಯಂಥ ಮೇವನ್ನ ಚೆನ್ನಾಗಿ ತಿಂತಿವೆ, ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತುಂಬ್ಕೊಂಡಿದೆ. ನಿನ್ನೆ ರಾತ್ರಿ ಒಂದೊಂದು ಟ್ಯಾಂಕಿಗೂ ಟಾರ್ಚ್ ಬಿಟ್ಟು ನೋಡಿದೆ, ಬೆಳಕಿನ ಕಡೆಗೆ ಮೋಡದ ಹಾಗೆ ಬಂದ್ವು. ಪ್ರತಿ ಟ್ಯಾಂಕಿಂದ ಮೂವತ್ತು ಮರಿ ಲ್ಯಾಬಿಗೆ ಹೋಗಿದೆ, ರಿಪೋರ್ಟ್ ಇನ್ನೂ ಬಂದಿಲ್ಲ. ಮರಿ ಕೊಳ್ಳೋರು ದಿನಾ ಫೋನ್ ಮಾಡ್ತಿದ್ದಾರೆ, ಚೆನ್ನಾಗಿವೆಯಂತಲ್ಲ, ಯಾವಾಗ ಕಳಿಸ್ತೀರಿ ಅಂತ. ರಿಪೋರ್ಟ್ ಬರೋವರೆಗೆ ಒಂದು ಮರಿಯೂ ಈ ಶೆಡ್ಡಿಂದ ಆಚೆ ಹೋಗಲ್ಲ ಅಂತ ಹೇಳಿದ್ದೀನಿ.